ಬ್ಯಾಡ್ರಿ ಅಂದರೆ ಬಡಿಸ್ರಿ

ನನ್ನಲ್ಲಿ ದುಶ್ಚಟಗಳು ಹೆಚ್ಚಿಲ್ಲ. ಎಲೆ ಅಡಿಕೆ ಹಾಕುವುದಿಲ್ಲ, ಇಸ್ಪೀಟು ಬರುವುದಿಲ್ಲ. ಬೀಡಿ ಸೇದಲು ಹೋದಾಗ ಬಂದ ಕೆಮ್ಮು ಇಡೀ ಓಣಿಗೆ ಕೇಳಿಸಿದ್ದರಿಂದ ಅದನ್ನೂ ಅಲ್ಲಿಗೇ ಬಿಟ್ಟೆ. ಆದರೆ ಹುಟ್ಟಿನಿಂದ ಅಂಟಿಕೊಂಡ ಒಂದು ಚಟವನ್ನು ಮಾತ್ರ ಇವತ್ತಿಗೂ ಬಿಡಲಾಗಿಲ್ಲ. ಊಟಕ್ಕೆ ಕೂತಾಗ ನನಗೆ ಬೇಕಾದುದಕ್ಕೆಲ್ಲ "ಬ್ಯಾಡ್ರಿ" ಎನ್ನುವುದು. ಬೇಡವಾದುದಕ್ಕೂ ಬ್ಯಾಡ್ರಿ ಎಂದೇ ಅನ್ನುತ್ತೇನೆ, ಆ ಮಾತು ಬೇರೆ. ಎರಡರ ನಡುವಿನ ಅಂತರ ತಿಳಿದವರಿಗೆ ದನಿಯಿಂದಲೇ ತಿಳಿಯುತ್ತದೆ. ನನ್ನ ಹೆಂಡತಿಗೆ ಮಾತ್ರ ತಿಳಿಯುವುದಿಲ್ಲ. ನಾನು ಮುಡಬಿಯವನು, ಅವಳು ಬಸವಕಲ್ಯಾಣದವಳು. ಒಂದೇ ತಾಲೂಕು, ಒಂದೇ ಜೋಳ, ಒಂದೇ ತೊಗರಿಬೇಳೆ. ಆದರೂ ನಾನು "ಬ್ಯಾಡ" ಎಂದರೆ ಅವಳು ಪಾತ್ರೆಯ ಮುಚ್ಚಳ ಮುಚ್ಚಿ ಎದ್ದೇ ಬಿಡುತ್ತಾಳೆ. ಹೀಗೆ ನಾನು ನನ್ನದೇ ಮನೆಯಲ್ಲಿ, ನನ್ನದೇ ಸಂಬಳದ ಗೋಧಿಯ ಹೋಳಿಗೆಗೆ ಎರವಾಗಿ ಕೂತಿದ್ದೇನೆ. ಇದು ಹೇಗಾಯಿತು ಎಂಬುದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಇನ್ನಷ್ಟು ಹಸಿಯುತ್ತದೆ.

ಬ್ಯಾಡ್ರಿ ಎನ್ನುವುದಕ್ಕೆ ನಮ್ಮಲ್ಲಿ ಮೆಟ್ಟಿಲುಗಳಿವೆ. ಬಡಿಸುವವರು ಇನ್ನೂ ದೂರದಲ್ಲಿರುವಾಗಲೇ ಒಂದು "ಬ್ಯಾಡ್ರಿ" ಒಗೆಯಬೇಕು. ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಲಿ ಎಂದು ಹೇಳುವುದೂ ಅಲ್ಲ. ಹತ್ತಿರ ಬಂದಾಗ "ಸಾಕ್ರಿ, ಖರೇನ ಸಾಕ್ರಿ" ಎನ್ನುವುದು ಎರಡನೆಯ ಮೆಟ್ಟಿಲು. ಕೊನೆಯದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು. ಕಸಬೆಲ್ಲ ಇರುವುದು ಇಲ್ಲಿಯೇ. ಬೆರಳುಗಳ ನಡುವೆ ಹೋಳಿಗೆ ಜಾರಿ ಬೀಳುವಷ್ಟು ಸಂದು ಇರಬೇಕು, ಆದರೆ ಅದು ಬೇಕೆಂದೇ ಬಿಟ್ಟ ಸಂದಿನ ಹಾಗೆ ಕಾಣಬಾರದು. ಬಡಿಸುವವರಿಗೂ ಒಂದು ಧರ್ಮವಿದೆ. "ಹಾಕಲೇನು?" ಎಂದು ಕೇಳಕೂಡದು. ಕೇಳಿದರೆ ಹಾಕುವ ಮನಸ್ಸಿಲ್ಲ ಎಂದೇ ಅರ್ಥ. ಹಾಕಿ ಆಮೇಲೆ "ಯಾಕ್ ಬ್ಯಾಡ?" ಎಂದು ಜಗಳಕ್ಕೆ ನಿಲ್ಲಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮವ್ವ. "ಮಂದಿ ಮನ್ಯಾಗ ಮೊದಲ್ನೇ ಸಲಕ್ಕೇ ಹೂಂ ಅಂದೀ ಅಂದ್ರ, ಇವ್ರ ಮನ್ಯಾಗ ಒಲಿ ಹತ್ತಂಗಿಲ್ಲೇನು ಅಂತಾರ" ಎಂದು ಪ್ರತಿ ಮದುವೆಗೆ ಹೋಗುವ ಮುಂಚೆ ಕಿವಿ ಹಿಂಡಿ ಹೇಳುತ್ತಿದ್ದಳು.

ನಮ್ಮ ದೊಡ್ಡಪ್ಪ ಈ ವಿದ್ಯೆಯಲ್ಲಿ ಪಾರಂಗತರು. ಕೊಹಿನೂರು ಎಂಬ ಊರಿನ ಒಂದು ಮದುವೆಯಲ್ಲಿ ತುಪ್ಪ ಬಂದಾಗ ಅವರು ಕೈ ಅಡ್ಡ ಹಿಡಿದದ್ದು ಸಾಲದೆಂದು ತಾಟಿನ ಮೇಲೆ ಪೂರ್ತಿ ಬಾಗಿಬಿಟ್ಟರು. ಬಡಿಸುವವನೂ ಹಟಮಾರಿ. ತಂಬಿಗೆ ಬಗ್ಗಿಸಿಯೇ ಬಿಟ್ಟ. ತುಪ್ಪ ದೊಡ್ಡಪ್ಪನ ಬೋಳುತಲೆಯ ಮೇಲೆ ಇಳಿದು, ಕಿವಿಯ ಹಿಂದಿನಿಂದ ಹಾದು, ಬೀಳಬೇಕಾದ ಹೋಳಿಗೆಯ ಮೇಲೆಯೇ ಬಿತ್ತು. ದೊಡ್ಡಪ್ಪ ತಲೆ ಕೂಡ ಒರೆಸಿಕೊಳ್ಳಲಿಲ್ಲ. "ಉಪಚಾರ ಅಂದ್ರ ಹೀಂಗಿರಬೇಕು ನೋಡ್ರಿ" ಎಂದು ಆ ಮನೆಯವರನ್ನು ಸಾಯುವತನಕ ಹೊಗಳುತ್ತಿದ್ದರು.

ಇಂಥ ಸಂಸ್ಕಾರ ಹೊತ್ತುಕೊಂಡು ನಾನು ಹುಮನಾಬಾದಿಗೆ ಬಂದದ್ದು ಒಂದು ಬೇಳೆ ಮಿಲ್ಲಿನ ಕಾರಕೂನನಾಗಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಟೇಲರ್ ಮಹಬೂಬ ಸಾಬರ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದೆ. ಕೋಣೆಯಲ್ಲಿ ಒಂದು ಟ್ರಂಕು, ಒಂದು ಚಾಪೆ, ಒಂದು ಕನ್ನಡಿ ಇದ್ದವು, ಒಲೆ ಇರಲಿಲ್ಲ. ಊಟಕ್ಕೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಕಲ್ಲಪ್ಪನ ಖಾನಾವಳಿಯೇ ಗತಿ. ಗತಿ ಎಂದೆನೆಂದು ಕನಿಕರ ಪಡಬೇಡಿ. ಆ ಖಾನಾವಳಿ ನಿಜಾಮರ ಕಾಲದ್ದು. ರಾಜರು ಹೋದರು, ನಾಣ್ಯ ಬದಲಾಯಿತು, ನಮ್ಮ ಜಿಲ್ಲೆಯೇ ಒಂದು ರಾಜ್ಯದಿಂದ ಎದ್ದು ಇನ್ನೊಂದು ರಾಜ್ಯದಲ್ಲಿ ಕೂತಿತು. ಅಲ್ಲಿಯ ಬದನೆಕಾಯಿ ಎಣ್ಣೆಗಾಯಿ ಮಾತ್ರ ಬದಲಾಗಲಿಲ್ಲ. ಗೋಡೆಯ ಸುಣ್ಣವೂ ಬದಲಾಗಿರಲಿಲ್ಲ. ನೆಲದ ಮೇಲೆ ಉದ್ದಕ್ಕೆ ಹಾಸಿದ ಪಟ್ಟಿ, ಅದರ ಮೇಲೆ ಚಕ್ಕಳಬಕ್ಕಳ ಹಾಕಿ ಕೂತರೆ ಮುಂದೆ ತಾಟು, ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಗಟ್ಟಿ ಮೊಸರು.

ಕಲ್ಲಪ್ಪ ತೀರಿಕೊಂಡು ಫೋಟೋ ಆಗಿದ್ದ. ದುಡ್ಡಿನ ಗಲ್ಲೆಯ ಮೇಲೆ ಅವನ ಮಗ ಶಿವಶರಣ ಕೂಡುತ್ತಿದ್ದ. ಆದರೆ ಖಾನಾವಳಿಯ ನಿಜವಾದ ಯಜಮಾನಿಕೆ ಕಲ್ಲಪ್ಪನ ಅಕ್ಕ ಗೌರಕ್ಕನದು. ರೊಟ್ಟಿ ಬಡಿಯುವವಳೂ ಅವಳೇ, ಬಡಿಸುವವಳೂ ಅವಳೇ. ಅವಳಿಗೆ ಒಂದು ಕಿವಿ ಮಂದ. ಯಾವ ಕಿವಿ ಎಂಬುದು ನಾವು ಆಡುವ ಮಾತಿನ ಮೇಲೆ ಹೋಗುತ್ತಿತ್ತು. "ನೀರು" ಎಂದರೆ ಎರಡೂ ಕಿವಿ ಕೇಳುತ್ತಿದ್ದವು, "ಬ್ಯಾಡ್ರಿ" ಎಂದರೆ ಎರಡೂ ಮಂದ. "ಗಂಡು ಮಗ ಇಷ್ಟೇ ಉಂಡ್ರ ಹ್ಯಾಂಗ? ನಾಳಿ ನಿಮ್ಮವ್ವ ಬಂದು ಕೇಳಿದ್ರ ನಾ ಏನ್ ಹೇಳ್ಲಿ?" ಎಂದು ಇನ್ನೊಂದು ರೊಟ್ಟಿ ಎಸೆಯುತ್ತಿದ್ದಳು. ನಮ್ಮವ್ವ ಅವಳನ್ನು ಕಂಡವಳೇ ಅಲ್ಲ. ಆದರೂ ಆ ಮಾತಿಗೆ ನನ್ನ ಕಣ್ಣು ತೇವವಾಗುತ್ತಿತ್ತು. ಹಿಂಡಿಯ ಖಾರವೂ ಇದ್ದೀತು.

ಇಷ್ಟು ಉಂಡರೂ ನಾನು ಮೈ ಹಿಡಿಯಲಿಲ್ಲ. ಅದೇ ನನ್ನ ಮದುವೆಗೆ ಅಡ್ಡವಾಯಿತು. ಹೆಣ್ಣು ಕೊಡಲು ಬಂದವರು ನನ್ನ ಕೋಣೆ ನೋಡುತ್ತಿದ್ದರು, ಒಲೆ ಎಲ್ಲಿ ಎಂದು ಹುಡುಕುತ್ತಿದ್ದರು, ಆಮೇಲೆ ನನ್ನ ತೋಳು ನೋಡುತ್ತಿದ್ದರು. "ಹುಡುಗ ಛಲೋ ಇದ್ದಾನ್ರಿ. ಆದ್ರ ಉಣ್ಣಾಕ ಇಲ್ಲದವನಂಗ ಕಾಣ್ತಾನ" ಎಂದು ಹೇಳಿ ಕಳಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಬಸವಕಲ್ಯಾಣದ ಬಟ್ಟೆ ಅಂಗಡಿಯ ಸಿದ್ರಾಮಪ್ಪನವರ ಮಗಳು ಶಾರದೆಯ ಸಂಬಂಧ ಬಂತು. ಅವ್ವನ ಜೊತೆ ನೋಡಲು ಹೋದೆ. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ನಾನು ಮುಖ ನೋಡಿದೆ, ಅಲ್ಲಿಗೇ ನನ್ನ ಕತೆ ಮುಗಿಯಿತು. ಎರಡನೆಯ ಸಲ ಅವಳು ಉಪ್ಪಿಟ್ಟಿನ ಪಾತ್ರೆ ಹಿಡಿದು ಬಂದಾಗ, ಮರ್ಯಾದಸ್ಥನಾಗಿ "ಬ್ಯಾಡ್ರಿ" ಎಂದೆ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಅದನ್ನು ನಾಚಿಕೆ ಎಂದು ತಿಳಿದೆ. ಅದು ನಾಚಿಕೆಯಲ್ಲ, ಸ್ವಭಾವ ಎಂದು ತಿಳಿಯುವ ಹೊತ್ತಿಗೆ ಮದುವೆಯಾಗಿತ್ತು.

ಆಗುವ ಮುಂಚೆ ಒಂದು ಗಂಡಾಂತರ ದಾಟಬೇಕಿತ್ತು. ಬರುವ ಆದಿತ್ಯವಾರ ತಾವೂ ಹುಡುಗಿಯ ಸೋದರಮಾವನೂ ಹುಮನಾಬಾದಿಗೆ ಬಂದು ಹುಡುಗ ಇರುವ ಜಾಗ ನೋಡಿಕೊಂಡು ಹೋಗುತ್ತೇವೆ ಎಂದು ಸಿದ್ರಾಮಪ್ಪನವರು ಹೇಳಿ ಕಳಿಸಿದರು. ಕೋಣೆ ತೋರಿಸಿದರೆ ಕೆಟ್ಟೆ. ತೋರಿಸಬೇಕಾದ್ದು ಖಾನಾವಳಿ. ಶನಿವಾರವೇ ಹೋಗಿ ಗೌರಕ್ಕನ ಮುಂದೆ ಕೂತೆ. "ಗೌರಕ್ಕ, ನಾಳಿ ನನ್ನ ಇಜ್ಜತ್ತು ನಿನ್ನ ಸೌಟಿನ ಮ್ಯಾಲ ಅದ" ಎಂದೆ. ಅವಳು ಹಿಟ್ಟಿನ ಕೈ ಝಾಡಿಸಿ, "ನೀ ಸುಮ್ನಿರು ತಮ್ಮಾ. ಕೂತವರು ಏಳಲಾರದಂಗ ಮಾಡಿ ಕಳಸ್ತೀನಿ. ಎದ್ರಲ್ಲ ಬ್ಯಾಡ ಅನ್ನೋದು?" ಎಂದಳು. ಆ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ. ಹೆಣ್ಣು ನನ್ನದೇ ಎಂದು ಗೋಡೆಯ ಕನ್ನಡಿಗೂ ಹೇಳಿದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಶಿವಶರಣ ಯಾರದೋ ಮದುವೆಗೆಂದು ಹೈದರಾಬಾದಿಗೆ ಹೋದವನು ಆದಿತ್ಯವಾರ ಬೆಳಗಿನ ಬಸ್ಸಿಗೆ ವಾಪಸು ಬಂದ. ಬರುವಾಗ ತಲೆಯಲ್ಲಿ ಒಂದು ಹೊಸ ಶಬ್ದ ತುಂಬಿಕೊಂಡು ಬಂದ: ಬಫೆ. ಮಧ್ಯಾಹ್ನ ನಾನು ಬೀಗರಾಗಲಿರುವವರನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬರುವಷ್ಟರಲ್ಲಿ ಖಾನಾವಳಿಯ ನೆಲದ ಪಟ್ಟಿ ಸುತ್ತಿ ಮೂಲೆ ಸೇರಿತ್ತು. ಪೆಂಡಾಲಿನವನಿಂದ ತಂದ ಉದ್ದನೆಯ ಟೇಬಲ್ಲು, ಅದರ ಮೇಲೆ ಬಿಳಿ ಅರಿವೆ, ಅರಿವೆಯ ಮೇಲೆ ಸಾಲು ಪಾತ್ರೆಗಳು, ಒಂದೊಂದಕ್ಕೂ ಒಂದು ಚಮಚ. ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದ ಹಲಗೆ: "ಇಂದಿನಿಂದ ಬಫೆ. ಬೇಕಾದಷ್ಟು ಹಾಕಿಕೊಳ್ಳಿರಿ. ಯಾರಿಗೂ ಜಬರ್ದಸ್ತಿ ಇಲ್ಲ."

ಹಲಗೆಯ ಮುಂದೆ ಆಗಲೇ ಮಂದಿ ನೆರೆದಿತ್ತು. ಬೇಮಳಖೇಡದ ಕಡೆಯ ಇಬ್ಬರು ರೈತರು ಬಫೆ ಎಂಬುದನ್ನು "ಮಾಫಿ" ಎಂದು ಕೇಳಿಸಿಕೊಂಡು, ಊಟ ಮಾಫಿ ಎಂದು ಕೈಕಾಲು ತೊಳೆದು ಬಂದಿದ್ದರು. ಅವರಿಗೆ ಅರ್ಥ ಬಿಡಿಸಿ ಹೇಳುವುದರಲ್ಲಿ ಶಿವಶರಣ ಬೆವೆತಿದ್ದ. ನಮ್ಮ ಮಹಬೂಬ ಸಾಬರು ಕೊರಳಲ್ಲಿ ಅಳತೆಯ ಪಟ್ಟಿ ಹಾಕಿಕೊಂಡೇ ಊಟಕ್ಕೆ ಬಂದವರು ಎಲ್ಲ ನೋಡಿ ತಲೆ ಆಡಿಸಿದರು. "ಇದು ಬಫೆ ಅಲ್ರೀ ಕಾರಕೂನ ಸಾಬ್, ಬೇವಫಾ. ಉಣ್ಣೋವನಿಗಿ ಇನ್ನೊಂದ್ಸಲ ಹಾಕ್ಲಾರದೆ ಕೈ ಬಿಡೋ ಊಟಕ್ಕ ಮತ್ತೇನಂತಾರ?" ಎಂದು ಮನೆಯ ಕಡೆ ತಿರುಗಿದರು. ನನಗೆ ಹಾಗೆ ತಿರುಗುವ ಸ್ವಾತಂತ್ರ್ಯ ಇರಲಿಲ್ಲ.

ಗೌರಕ್ಕನಿಗಾಗಿ ಕಣ್ಣಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ಅತ್ತಿ, ನೀ ಹೊರಗ ಬರಬ್ಯಾಡ. ಬಫೆದಾಗ ಬಡಸೋರು ಇರಂಗಿಲ್ಲ" ಎಂದು ಶಿವಶರಣ ಅವಳನ್ನು ಒಳಗೇ ತಡೆದಿದ್ದ. ನನ್ನ ಕೈಗೂ ಬೀಗರ ಕೈಗೂ ಒಂದೊಂದು ತಾಟು ಕೊಟ್ಟ. ಸಿದ್ರಾಮಪ್ಪನವರು ಧೋತರ, ಕೋಟು, ರುಮಾಲಿನ ದೊಡ್ಡ ಆಳು. ಅವರು ಖಾಲಿ ತಾಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೂಡೋದು ಎಲ್ರಿ?" ಎಂದು ಕೇಳಿದರು. "ನಿಂತೇ ಉಣ್ಣೋದ್ರಿ ಸಾವ್ಕಾರ್ರೇ, ಈಗ ಹೈದರಾಬಾದದಾಗ ದೊಡ್ಡ ದೊಡ್ಡವ್ರೂ ನಿಂತೇ ಉಣ್ಣಾಕತ್ತಾರ" ಎಂದ ಶಿವಶರಣ. ಸೋದರಮಾವ ಬಂಡೆಪ್ಪ ಕೊಹಿನೂರಿನವರು, ಮಾತು ಒರಟು. "ನಿಂತು ಉಣ್ಣಾಕ ನಾವೇನು ಎತ್ತೇನು? ತಾಟ ಹಿಡ್ಕೊಂಡು ಪಾಳಿ ಹಚ್ಚಿದ್ರ ಭಿಕ್ಷಾಕ್ಕ ಬಂದಂಗ ಆಗ್ತದ" ಎಂದು ನನಗೆ ಕೇಳುವಂತೆಯೇ ಗೊಣಗಿದರು.

ಆದರೂ ದೊಡ್ಡವರು ಪಾಳಿಯಲ್ಲಿ ನಿಂತರು. ಸಂಬಂಧ ಬೆಳೆಸಲು ಬಂದ ಮನೆಯ ಮಾನ ತಮ್ಮದೂ ಎಂದು ತಿಳಿದವರು. ನಿಂತು ಏನು ಹಾಕಿಕೊಂಡರು? ಒಂದು ರೊಟ್ಟಿ, ಬೆರಳ ತುದಿಯಷ್ಟು ಎಣ್ಣೆಗಾಯಿ, ಎಡಗೈ ಉಗುರಿನಷ್ಟು ಹಿಂಡಿ. ತಾನೇ ಹಾಕಿಕೊಳ್ಳುವವನು ಇದಕ್ಕಿಂತ ಹೆಚ್ಚು ಹಾಕಿಕೊಂಡರೆ ಮನೆಯಲ್ಲಿ ಒಲೆ ಹತ್ತದವನು ಎಂದಾಗುತ್ತದೆ. ಅವರು ಅಷ್ಟೇ ಹಾಕಿಕೊಂಡ ಮೇಲೆ ನಾನು ಹೆಚ್ಚಿಗೆ ಹಾಕಿಕೊಳ್ಳುವುದು ಹೇಗೆ? ನಾನು ಅರ್ಧ ರೊಟ್ಟಿ ಮುರಿದುಕೊಂಡೆ. ಮೂವರೂ ಗೋಡೆಗೆ ಬೆನ್ನು ಹಚ್ಚಿ ನಿಂತು, ಆ ಇಷ್ಟಿಷ್ಟನ್ನು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಅಗಿದೆವು. ತಾಟು ಖಾಲಿಯಾಯಿತು. ಸಿದ್ರಾಮಪ್ಪನವರು ಖಾಲಿ ತಾಟು ಹಿಡಿದು ನನ್ನ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಬಡಿಸುವವರಿಲ್ಲದ ಕಡೆ ಉಪಚಾರ ಮಾಡಬೇಕಾದವನು ನಾನೇ. ಆದರೆ ಹುಟ್ಟಿದಾಗಿನಿಂದ ಬ್ಯಾಡ್ರಿ ಅನ್ನುವ ಕಡೆ ಕೂತವನಿಗೆ ಅನ್ನಿಸಿಕೊಳ್ಳುವ ಕಡೆಯ ಕೆಲಸ ಬರಬೇಕಲ್ಲ? ನನ್ನ ಬಾಯಿಂದ ಬರಬಾರದ ಮಾತೇ ಬಂತು.

"ಇನ್ನೊಂದು ರೊಟ್ಟಿ ತರ್ಲೇನ್ರಿ?" ಎಂದೆ.

"ಬ್ಯಾಡ್ರಿ" ಎಂದರು ಸಿದ್ರಾಮಪ್ಪ. ಎಂಥ ಸೊಗಸಾದ ಬ್ಯಾಡ್ರಿ! ಅದರೊಳಗಿನ ಹಸಿವು ನನಗೆ ನಿಚ್ಚಳವಾಗಿ ಕೇಳಿಸಿತು. ಮಾಡಿದ ತಪ್ಪು ತಿದ್ದಿಕೊಳ್ಳೋಣವೆಂದು ಟೇಬಲ್ಲಿಗೆ ಓಡಿ ಎರಡು ರೊಟ್ಟಿ ಎತ್ತಿಕೊಂಡು ಬಂದು ಅವರ ತಾಟಿಗೆ ಹಾಕಲು ಹೋದೆ. ಅವರು ಕೂಡಲೇ ಕೈ ಅಡ್ಡ ಹಿಡಿದರು. ಬೆರಳ ಸಂದು ನಮ್ಮ ದೊಡ್ಡಪ್ಪನೇ ಮೆಚ್ಚುವಷ್ಟು ಅಗಲವಿತ್ತು. ಆಗ ಶಿವಶರಣ ನಡುವೆ ಬಂದು ನನ್ನ ಕೈ ಹಿಡಿದ. "ಹಂಗ ಮಾಡಬ್ಯಾಡ್ರಿ, ಹಲಗಿ ಓದೀರಲ್ಲ? ಯಾರಿಗೂ ಜಬರ್ದಸ್ತಿ ಇಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಅವ್ರು ಬ್ಯಾಡ ಅನ್ನಾಕತ್ತಾರ" ಎಂದು ರೊಟ್ಟಿಗಳನ್ನು ವಾಪಸು ಪಾತ್ರೆಗೆ ಹಾಕಿದ. ಸಿದ್ರಾಮಪ್ಪನವರ ಕಣ್ಣುಗಳು ಆ ರೊಟ್ಟಿಗಳ ಹಿಂದೆ ಟೇಬಲ್ಲಿನವರೆಗೂ ಹೋಗಿ ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾನು ಅನೇಕ ಸಲ ಆಡಿದ್ದೇನೆ. ಕಣ್ಣಿಂದ ಕಂಡದ್ದು ಅಂದೇ.

ಅವರು ಕೈ ತೊಳೆದರು. "ಊಟ ಭಾರೀ ಆಯ್ತು" ಎಂದರು. "ಮನ್ಯಾಗ ಕೇಳಿ ತಿಳಸ್ತೀವ್ರಿ" ಎಂದರು. ಹೆಣ್ಣು ಕೊಡದವರು ಆಡುವ ಮಾತು ಅದು, ನನಗೆ ಬಾಯಿಪಾಠವಾಗಿತ್ತು. ಬಸ್‌ಸ್ಟ್ಯಾಂಡಿಗೆ ಕಳಿಸಲು ಬರುತ್ತೇನೆಂದರೆ, "ಬ್ಯಾಡ್ರಿ, ನಾವೇ ಹೋಗ್ತೀವಿ" ಎಂದರು. ಈ ಬ್ಯಾಡ್ರಿಯಲ್ಲಿ ಯಾವ ಸಂದೂ ಇರಲಿಲ್ಲ. ನಾನು ಓಣಿಯ ಮೂಲೆಯಲ್ಲಿ ನಿಂತು ಅವರ ರುಮಾಲು ಮರೆಯಾಗುವುದನ್ನು ನೋಡಿದೆ. ಶಾರದೆಯ ಮುಖ ನೆನಪಾಯಿತು. ನನಗೆ ಅಳು ಬಂತು ಎಂದರೆ ನೀವು ನಗುತ್ತೀರಿ, ಆದರೆ ಬಂತು. ಅಳುವಿನ ಜೊತೆಯಲ್ಲೇ ಹಸಿವೂ ಬಂತು. ಎರಡೂ ಒಟ್ಟಿಗೆ ಬಂದರೆ ಹಸಿವೇ ಗೆಲ್ಲುತ್ತದೆ. ಶಿವಶರಣನ ಮುಖ ನೋಡುವ ಮನಸ್ಸಿಲ್ಲದೆ, ಹಿಂದಿನ ಓಣಿಯಿಂದ ಸುತ್ತಿ ಹೋಗಿ ಗೌರಕ್ಕನ ಅಡುಗೆಮನೆಯ ಹಿತ್ತಿಲ ಬಾಗಿಲು ದೂಡಿದೆ.

ಒಳಗೆ ಒಲೆಯ ಮುಂದೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಇಬ್ಬರು ಕೂತಿದ್ದರು. ಒಬ್ಬರ ರುಮಾಲು ಬಿಚ್ಚಿ ಪಕ್ಕದಲ್ಲಿತ್ತು. ಇನ್ನೊಬ್ಬರ ಗಲ್ಲ ಎಣ್ಣೆಗಾಯಿಯಿಂದ ಉಬ್ಬಿತ್ತು. ಗೌರಕ್ಕ ಕಾವಲಿಯಿಂದ ರೊಟ್ಟಿ ಎತ್ತಿ ಎಸೆಯುತ್ತಾ, "ಯಾಕ್ ಬ್ಯಾಡ? ನಮ್ಮ ಕೈದು ಸೇರಂಗಿಲ್ಲೇನು?" ಎಂದು ಗದರುತ್ತಿದ್ದಳು. "ಸಾಕ್ರಿ ಅಕ್ಕಾರ, ಖರೇನ ಸಾಕ್ರಿ" ಎನ್ನುತ್ತಾ ಸಿದ್ರಾಮಪ್ಪನವರು ಕೈ ಅಡ್ಡ ಹಿಡಿದು, ಬೆರಳ ಸಂದಿನಿಂದ ಬಿದ್ದ ರೊಟ್ಟಿಯನ್ನು ಆನಂದದಿಂದ ಮುರಿಯುತ್ತಿದ್ದರು. ಬಸ್‌ಸ್ಟ್ಯಾಂಡಿಗೆ ಹೊರಟವರನ್ನು ಗೌರಕ್ಕ ಹಿಂದಿನ ಓಣಿಯಲ್ಲಿ ಅಡ್ಡಗಟ್ಟಿ, ರಟ್ಟೆ ಹಿಡಿದು ಒಳಗೆ ಎಳೆದಿದ್ದಳು. ಎಳೆದದ್ದಕ್ಕೆ ಅವರೇನೂ ಬಹಳ ಹೊತ್ತು ತಡೆಯಲಿಲ್ಲವಂತೆ.

ನನ್ನನ್ನು ಕಂಡು ಸಿದ್ರಾಮಪ್ಪನವರ ತುತ್ತು ಬಾಯಲ್ಲೇ ನಿಂತಿತು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಯಾರು ಯಾರಿಗೆ ನಾಚಬೇಕು ಎಂದು ತಿಳಿಯದೆ ಮೂವರೂ ಗೌರಕ್ಕನ ಮುಖ ನೋಡಿದೆವು. ಅವಳು ಇನ್ನೊಂದು ತಾಟು ನೆಲಕ್ಕೆ ಕುಕ್ಕಿದಳು. "ಬಾ, ಕೂಡು. ನೀನೂ ಉಂಡಿಲ್ಲ ಅಂತ ನನಗ ಗೊತ್ತದ" ಎಂದಳು. ನಾನು ಅಭ್ಯಾಸಬಲದಿಂದ "ಬ್ಯಾಡಕ್ಕಾ" ಎಂದೆ. ಆಗ ಬಂಡೆಪ್ಪನವರು ನಕ್ಕುಬಿಟ್ಟರು. ನಕ್ಕು ನಕ್ಕು ತುತ್ತು ನೆತ್ತಿಗೇರಿ ಅವರಿಗೆ ಠಸಕಿ ಹತ್ತಿತು. ಸಿದ್ರಾಮಪ್ಪನವರು ತಮ್ಮ ತಾಟಿನಿಂದಲೇ ಒಂದು ರೊಟ್ಟಿ ಎತ್ತಿ ನನ್ನ ತಾಟಿಗೆ ಹಾಕಿ, "ಉಣ್ರಿ ಅಳಿಯಂದಿರೇ, ಉಣ್ರಿ" ಎಂದರು. ನನ್ನ ನಿಶ್ಚಯ ಆದದ್ದು ಹೀಗೆ, ಒಲೆಯ ಹೊಗೆಯಲ್ಲಿ. ಏಳುವಾಗ ಮಾವನವರು ಒಂದೇ ಒಂದು ಕರಾರು ಹಾಕಿದರು: "ಇದು ಮನ್ಯಾಗ ಗೊತ್ತಾಗಬಾರದು ನೋಡ್ರಿ."

ಮನೆಗೆ ಹೋಗಿ ಅವರೇ ಹೇಳಿದರು. ಸಂತೋಷ ತಡೆಯಲಾಗಲಿಲ್ಲವಂತೆ. ಎಲ್ಲರೂ ನಕ್ಕರು, ಶಾರದೆಯೊಬ್ಬಳು ನಗಲಿಲ್ಲ. ಅವಳು ಆ ಕತೆಯಿಂದ ನೀತಿ ತೆಗೆದಳು. ಮದುವೆಯಾಗಿ, ಒಲೆ ಇರುವ ಮನೆ ಹಿಡಿದು, ಮೊದಲ ದಿನ ಊಟಕ್ಕೆ ಕೂತಾಗ ನಾನು ಬ್ಯಾಡ ಎಂದೆ. ಅವಳು ಮುಚ್ಚಳ ಮುಚ್ಚಿದಳು. ನಾನು ಮುಖ ನೋಡಿದರೆ, "ನಮ್ಮಪ್ಪಗೂ ಒಂದ್ ಬಾಯಿ, ನಿಮಗೂ ಒಂದ್ ಬಾಯಿ. ಆ ಬಾಯಿ ಬ್ಯಾಡ ಅಂದ ಮ್ಯಾಲ ನಾ ಏನು ಹೊಟ್ಟಿಗಿ ಕೇಳ್ಲೇನ್ರಿ?" ಎಂದಳು. ಅತ್ತ ಶಿವಶರಣನ ಬಫೆ ಹತ್ತು ವರ್ಷವಾದರೂ ಇನ್ನೂ ಇದೆ. ಟೇಬಲ್ಲು, ಬಿಳಿ ಅರಿವೆ, ಜಬರ್ದಸ್ತಿ ಇಲ್ಲವೆಂಬ ಹಲಗೆ, ಎಲ್ಲ ಹಾಗೇ ಇವೆ. ಟೇಬಲ್ಲಿನ ಹಿಂದೆ ಗೌರಕ್ಕ ಸೌಟು ಹಿಡಿದು ನಿಂತಿರುತ್ತಾಳೆ, ಅಷ್ಟೇ. ಖಾನಾವಳಿಯಲ್ಲಿ ಬಫೆ ಸೋತಿತು, ನನ್ನ ಮನೆಯಲ್ಲಿ ಗೆದ್ದು ಕೂತಿದೆ.

ಮೊನ್ನೆ ಹಬ್ಬಕ್ಕೆ ಮಾವನವರು ಬಂದಿದ್ದರು. ಶಾರದೆ ಹೋಳಿಗೆ ಮಾಡಿದ್ದಳು. ಮಾವ ಅಳಿಯ ಇಬ್ಬರೂ ಅಕ್ಕಪಕ್ಕ ಕೂತು, ಇಬ್ಬರೂ ಬ್ಯಾಡ ಎಂದು, ಇಬ್ಬರೂ ಒಂದೊಂದರಲ್ಲೇ ಕೈ ತೊಳೆದೆವು. ಮಧ್ಯಾಹ್ನ ಅವಳು ಪಕ್ಕದ ಮನೆಗೆ ಅರಿಷಿಣ ಕುಂಕುಮಕ್ಕೆ ಹೋದದ್ದೇ ತಡ, ನಾನು ಹೆಜ್ಜೆ ಸಪ್ಪಳಾಗದಂತೆ ಅಡುಗೆಮನೆಗೆ ಹೋದೆ. ಅಲ್ಲಿ ಮಾವನವರು ರುಮಾಲು ಬಿಚ್ಚಿಟ್ಟು, ತೊಡೆಯ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಡಬ್ಬಿಯಲ್ಲಿ ಒಂದೇ ಒಂದು ಹೋಳಿಗೆ ಉಳಿದಿತ್ತು. ಪಾಪ, ಅವರ ಮುಖ ಸಣ್ಣದಾಯಿತು. ಆದರೂ ದೊಡ್ಡ ಮನಸ್ಸು; ಆ ಹೋಳಿಗೆಯನ್ನು ಎತ್ತಿ ನನ್ನ ಕಡೆ ಚಾಚಿ, "ತಗೋರಿ ಅಳಿಯಂದಿರೇ" ಎಂದರು. ತುಪ್ಪದ ವಾಸನೆ ಮೂಗಿಗೆ ಬಡಿಯಿತು. ನನ್ನ ಹಾಳು ನಾಲಿಗೆ "ಬ್ಯಾಡ್ರಿ ಮಾವಾ" ಎಂದಿತು.

ಅವರು ನನ್ನ ಮುಖ ನೋಡಿದರು, ಹೋಳಿಗೆ ನೋಡಿದರು. "ಖರೇನ ಬ್ಯಾಡೇನ್ರಿ?" ಎಂದು ಕೇಳಿದರು. "ಖರೇನ್ರಿ, ಸಾಕ್ರಿ" ಎಂದೆ. ಮೊದಲೇ ಹೇಳಿದೆನಲ್ಲ, ಅದು ಎರಡನೆಯ ಮೆಟ್ಟಿಲು. ಮೂರನೆಯದಕ್ಕೆಂದು ನಾನು ಕೈ ಎತ್ತಿ, ಬೆರಳ ಸಂದು ಸರಿ ಮಾಡಿಕೊಳ್ಳುವಷ್ಟರಲ್ಲಿ ಹೋಳಿಗೆ ಅವರ ಬಾಯಿ ಸೇರಿತ್ತು.